ಎಳೆ ವಯಸ್ಸಿನ ಒಂಟಿ ತಾಯಿಗೆ ಆಸರೆಯಾಗುವುದು ಹೇಗೆ?

“ಇತ್ಲಾಗೆ ಕೊಡು, ನಿಂಗೆ ಗೊತ್ತಾಗೂದಿಲ್ಲ.”

ಕುಮಟಾದ ನಮ್ಮ ಕೇರಿಯ ಒಂದು ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತಿದ್ದ ಮಾತಿದು. ಹುಡುಗಿಗೆ ಆಗ 21 ವರ್ಷ. ದುಡಿಯಲೆಂದು ಗೋವಾಕ್ಕೆ ಹೋದ ಗಂಡ ಫೋನ್ ಎತ್ತುವುದನ್ನೂ ಬಿಟ್ಟಿದ್ದ. ಬಚ್ಚಲಲ್ಲಿ ಅಜ್ಜಿ ಕಾಲು ಚಾಚಿ ಕೂತು ಕೂಸನ್ನು ಮೀಸುವಾಗ ಇವಳು ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು, ನೋಡಲು ಬಂದ ನೆಂಟಳ ಹಾಗೆ. ಅಜ್ಜಿಯದು ಬರೀ ಪ್ರೀತಿ. ಆದರೆ ಮೂರು ತಿಂಗಳಾಗುವಷ್ಟರಲ್ಲಿ ಕೂಸು ಅತ್ತರೆ ಎತ್ತಿಕೊಳ್ಳಲೂ ಆ ಹುಡುಗಿ ಹೆದರತೊಡಗಿದ್ದಳು. ಇಂಥ ತಾಯಿಯ ಅಮ್ಮ, ಅಕ್ಕ, ಅತ್ತಿಗೆ, ಪಕ್ಕದ ಮನೆಯವರು ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಕೂಸನ್ನು ಅವಳ ಕೈಗೆ ಬಿಡಿ

ದುಡಿಮೆ, ದುಡ್ಡು ಆಮೇಲೆ. ಮೀಸುವುದರಿಂದಲೇ ಶುರು ಮಾಡಿ. ಮೊದಲ ದಿನ ಅಜ್ಜಿ ಮೀಸಲಿ, ತಾಯಿ ನೀರು ಹೊಯ್ಯಲಿ. ಮರುದಿನ ಅದಲುಬದಲು. ಬಿಸಿ ಎಷ್ಟಿದೆಯೆಂದು ಅವಳೇ ಮೊಣಕೈ ಅದ್ದಿ ನೋಡಲಿ. ಕತ್ತಿನ ಹಿಂದೆ ಅಂಗೈ ಕೊಡುವುದನ್ನು ಒಮ್ಮೆ ತೋರಿಸಿ ಸುಮ್ಮನಿರಿ. ಅವಳ ಕೈ ನಡುಗುತ್ತದೆ, ಕೂಸು ಅಳುತ್ತದೆ. ಆಗ ಕಸಿದುಕೊಳ್ಳದೆ ಪಕ್ಕದಲ್ಲೇ ಕೂತಿರುವುದು ಹಿರಿಯರಿಗೆ ಕಷ್ಟ, ನನಗೆ ಗೊತ್ತು. ಒಂದು ವಾರ ತಡೆದುಕೊಳ್ಳಿ.

ಆರನೇ, ಹತ್ತನೇ, ಹದಿನಾಲ್ಕನೇ ವಾರದ ಲಸಿಕೆಗೆ ತಾಯಿ ಕಾರ್ಡ್ ಹಿಡಿದು ಅವಳೇ ಹೋಗಲಿ. ನೀವು ಚೀಲ ಹಿಡಿದುಕೊಳ್ಳಿ. ನರ್ಸ್ ಕೇಳಿದ್ದಕ್ಕೆ ಉತ್ತರ ಅವಳ ಬಾಯಿಂದಲೇ ಬರಲಿ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಜೇನು ನೆಕ್ಕಿಸಲು ಬಂದ ನೆಂಟರಿಗೆ ಅವಳು “ಬೇಡ” ಎಂದಾಗ ನೀವು ಅವಳ ಪರವಾಗಿ ನಿಲ್ಲಿ.

ಕೂಸು ಮಲಗಿದರೂ ಅವಳಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಕೂಸಿನ ಮುಖ ನೋಡಲೂ ಮನಸ್ಸಿಲ್ಲ, ಹೀಗೆ ಎರಡು ವಾರ ಕಳೆದರೆ ಅದು ಬಾಳಂತಿಯರಿಗೆ ಬರುವ ಖಿನ್ನತೆ ಇರಬಹುದು. ಸೊಕ್ಕು ಎಂದು ಬೈಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಮಾತು ಆಡಿದರೆ ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

2. ಕಾಗದಪತ್ರ

ಹೆರಿಗೆಯಾದ 21 ದಿನದೊಳಗೆ ಜನನ ನೋಂದಣಿ ಆಗಬೇಕು. ಮದುವೆಯಾಗದ ತಾಯಿ ಅಪ್ಪನ ಹೆಸರು ಹೇಳಲೇಬೇಕೆಂದಿಲ್ಲ. ಅವಳು ಅಫಿಡವಿಟ್ ಕೊಟ್ಟರೆ ಜನನ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಕೌಂಟರಿನಲ್ಲಿ “ಅಪ್ಪ ಯಾರು?” ಎಂದು ಜೋರಾಗಿ ಕೇಳಿದಾಗ ಅವಳು ತಲೆ ತಗ್ಗಿಸುತ್ತಾಳೆ. ನೀವು ಜೊತೆಗಿರಬೇಕಾದ್ದು ಅಲ್ಲಿ.

ಆಮೇಲೆ ಕೂಸಿನ ಆಧಾರ್, ರೇಷನ್ ಕಾರ್ಡ್. ಗೃಹಲಕ್ಷ್ಮಿಯ 2000 ರೂಪಾಯಿ ಬರುವುದು ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದಿರುವ ಹೆಂಗಸಿಗೆ. ತವರಿನ ಕಾರ್ಡಿನಲ್ಲಿದ್ದರೆ ಅದು ಅವಳ ಅಮ್ಮನ ಖಾತೆಗೆ ಹೋಗುತ್ತದೆ. ಅದರಲ್ಲಿ ಇವಳ ಪಾಲೆಷ್ಟು ಎಂದು ಮೊದಲೇ ಮಾತಾಡಿಕೊಂಡರೆ ಮುಂದೆ ಜಗಳವಿಲ್ಲ. ನಮ್ಮ ಕಡೆಯ ಮಳೆ ಗೊತ್ತಲ್ಲ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಅವಳ ಪೆಟ್ಟಿಗೆಯಲ್ಲೇ ಇಡಲಿ.

3. ಹಕ್ಕಿನ ಹಣ

ಬಿಟ್ಟುಹೋದ ಗಂಡನಿಂದ ಜೀವನಾಂಶ ಕೇಳಲು ವಿಚ್ಛೇದನ ಆಗಬೇಕೆಂದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ತನಗೂ ಕೂಸಿಗೂ ಕೇಳಬಹುದು. ಮದುವೆಯೇ ಆಗಿರದಿದ್ದರೂ ಕೂಸಿನ ಹಕ್ಕು ಹೋಗುವುದಿಲ್ಲ. ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೊಡೆತ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181. ಹುಡುಗಿಗೆ 18 ತುಂಬಿಲ್ಲದಿದ್ದರೆ ದಾರಿಯೇ ಬೇರೆ: ಮುಚ್ಚಿಡದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಬಹಳ ಜನ ಕೇಳಿಯೇ ಇರದ ನೆರವು ಮಕ್ಕಳ ರಕ್ಷಣೆಗೆಂದಿರುವ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ (ಸ್ಪಾನ್ಸರ್‌ಶಿಪ್). ವಿಧವೆ, ವಿಚ್ಛೇದಿತೆ ಅಥವಾ ಮನೆಯವರು ಕೈಬಿಟ್ಟ ತಾಯಿಯ ಮಗುವಿಗೆ ತಿಂಗಳಿಗೆ 4000 ರೂಪಾಯಿ. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000, ಪಟ್ಟಣದಲ್ಲಿ 96,000 ಮೀರಿರಬಾರದು. ನಮ್ಮ ಉತ್ತರ ಕನ್ನಡದವರಾದರೆ ಕಾರವಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ಶಿರಸಿಯಿಂದಾದರೆ ಒಂದು ದಿನವೇ ಬೇಕು. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚಿಲ್ಲ.

4. ದುಡಿಮೆ

ಕೆಲಸ ಹುಡುಕುವ ಮೊದಲು ಕೂಸನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ತೀರ್ಮಾನವಾಗಬೇಕು. ಪಂಚಾಯ್ತಿಯಲ್ಲಿ ‘ಕೂಸಿನ ಮನೆ’ (ದುಡಿಯುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ) ಇದೆಯೇ ನೋಡಿ. ಮೂರು ತುಂಬಿದರೆ ಅಂಗನವಾಡಿ. ಉಳಿದ ಹೊತ್ತಿಗೆ ಅಜ್ಜಿಯೋ ಪಕ್ಕದ ಮನೆಯ ಅಕ್ಕನೋ, ಯಾರು ಎಷ್ಟು ಗಂಟೆಯವರೆಗೆ ಎಂದು ಬಾಯಿಬಿಟ್ಟು ಮಾತಾಡಿ.

ನಮ್ಮ ಕರಾವಳಿಯಲ್ಲಿ ಒಂದೇ ಕಸುಬನ್ನು ನೆಚ್ಚುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನು ಮಾರಿ ಬದುಕುವವಳ ಕೈ ಆ 61 ದಿನ ಬಿಗಿ. ಘಟ್ಟದ ಮೇಲೆ ಅಡಿಕೆ ಸುಲಿಯುವ ಕೆಲಸವೂ ಕೊಯ್ಲಿನ ಕಾಲಕ್ಕೆ ಮಾತ್ರ. ಹೊಲಿಗೆಯಂಥ ಇನ್ನೊಂದು ಕೈಕಸುಬು ಬೇಕೇಬೇಕು. ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿಯಲ್ಲಿ (ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ) ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತಾರೆ. ದುಡಿದದ್ದು ಅವಳ ಹೆಸರಿನ ಖಾತೆಗೇ ಬೀಳಲಿ, ಎಟಿಎಂ ಕಾರ್ಡು ಅವಳ ಹತ್ತಿರವೇ ಇರಲಿ.

5. ಅವಳ ನಿರ್ಧಾರ ಬೇರೆಯಾದಾಗ

ಒಂದು ದಿನ ಅವಳು ನಿಮ್ಮನ್ನು ಕೇಳದೆ ಏನಾದರೂ ಮಾಡುತ್ತಾಳೆ. ನಮ್ಮ ಕೇರಿಯ ಆ ಹುಡುಗಿ ಈಗ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಕೂಸನ್ನು ಮನೆ ಹತ್ತಿರದ ಅಂಗನವಾಡಿಗೆ ಬಿಡದೆ ಕಾರ್ಖಾನೆ ಹತ್ತಿರದ್ದಕ್ಕೆ ಸೇರಿಸಿದಳು. ಅಜ್ಜಿ ಎರಡು ದಿನ ಮಾತು ಬಿಟ್ಟರು. ಮೂರನೆಯ ಬೆಳಿಗ್ಗೆ ಕೂಸಿನ ನೀರಿನ ಬಾಟಲಿ ತುಂಬುತ್ತ ಕೇಳಿದರು: “ಅಲ್ಲಿ ಟೀಚರು ಹೆಂಗಿದ್ದಾರೆ?”