ವಿಶ್ವಕಪ್ ಮುನ್ನೋಟ: ಆಟಗಾರರ ಹೆಸರಿಗಿಂತ ಮೊದಲು ವೇಳಾಪಟ್ಟಿ

ಫುಟ್‌ಬಾಲ್ ವಿಶ್ವಕಪ್ ಹತ್ತಿರ ಬಂತೆಂದರೆ ಬರೆಯುವವರೆಲ್ಲ ಮೆಸ್ಸಿ, ಎಂಬಾಪೆ, ವಿನಿಸಿಯಸ್ ಹೆಸರಿನಿಂದ ಶುರು ಮಾಡುತ್ತಾರೆ. ನಾನು ಮೊದಲು ತೆರೆಯುವುದು ನಿಯಮಾವಳಿ ಮತ್ತು ವೇಳಾಪಟ್ಟಿ. 2026ರ ಕೂಟಕ್ಕಂತೂ ಇದು ಬಿಟ್ಟರೆ ಬೇರೆ ದಾರಿಯೇ ಇಲ್ಲ. 48 ತಂಡ, 12 ಗುಂಪು, ಅಮೆರಿಕ, ಕೆನಡಾ, ಮೆಕ್ಸಿಕೋ ಎಂಬ ಮೂರು ದೇಶ, 16 ಕ್ರೀಡಾಂಗಣ, 72 ಗುಂಪು ಪಂದ್ಯ, ಅದರ ಮೇಲೆ 32 ನಾಕೌಟ್ ಪಂದ್ಯ. ಇಷ್ಟು ದೊಡ್ಡ ಕೂಟದಲ್ಲಿ ಎರಡು ತಂಡಗಳ ನಡುವಿನ ಬಲದ ಅಂತರಕ್ಕಿಂತ ಅವು ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಲೆಕ್ಕ ಇಟ್ಟುಕೊಂಡು ಆಡುತ್ತವೆ ಎನ್ನುವುದೇ ಕೆಲವು ಸಲ ಹೆಚ್ಚಾಗುತ್ತದೆ.

ಸ್ಪ್ರೆಡ್‌ಶೀಟಿನಲ್ಲಿ ಮೊದಲ ಕಾಲಂ ಭಾರತೀಯ ಸಮಯ. ಸುಲಭದ ಕೆಲಸ ಅನ್ನಿಸಿದರೂ ಹೆಚ್ಚಿನ ಪಟ್ಟಿಗಳು ಇಲ್ಲೇ ಕೆಡುತ್ತವೆ. ಜೂನ್‌ನಲ್ಲಿ ನ್ಯೂಯಾರ್ಕ್, ಮಯಾಮಿ, ಅಟ್ಲಾಂಟಾ, ಟೊರೊಂಟೊ ಸಮಯಕ್ಕೆ ಒಂಬತ್ತೂವರೆ ಗಂಟೆ ಕೂಡಿಸಬೇಕು. ಡಲ್ಲಾಸ್, ಹ್ಯೂಸ್ಟನ್, ಕಾನ್ಸಾಸ್ ಸಿಟಿಗೆ ಹತ್ತೂವರೆ. ಲಾಸ್ ಏಂಜಲೀಸ್, ಸಿಯಾಟಲ್, ವ್ಯಾಂಕೂವರ್‌ಗೆ ಹನ್ನೆರಡೂವರೆ. ಮೆಕ್ಸಿಕೋದ ಮೂರು ಊರುಗಳನ್ನು ಡಲ್ಲಾಸ್ ಜೊತೆ ಸೇರಿಸಿಬಿಟ್ಟರೆ ಒಂದು ಗಂಟೆ ತಪ್ಪುತ್ತದೆ. ಮೆಕ್ಸಿಕೋದ ಬಹುಪಾಲು ಕಡೆ 2022ರಲ್ಲೇ ಬೇಸಿಗೆ ಸಮಯದ ಪದ್ಧತಿ ಕೈಬಿಟ್ಟಿದ್ದಾರೆ, ಹಾಗಾಗಿ ಅಲ್ಲಿಗೆ ಹನ್ನೊಂದೂವರೆ ಗಂಟೆ. ಜೂನ್ 11ರಂದು ಮೆಕ್ಸಿಕೋ ಸಿಟಿಯಲ್ಲಿ ಮಧ್ಯಾಹ್ನ ಒಂದಕ್ಕೆ ಶುರುವಾಗುವ ಮೆಕ್ಸಿಕೋ–ದಕ್ಷಿಣ ಆಫ್ರಿಕಾ ಪಂದ್ಯ ನಮಗೆ ಜೂನ್ 12ರ ನಡುರಾತ್ರಿ ಹನ್ನೆರಡೂವರೆಗೆ. ದಿನಾಂಕಕ್ಕೂ ಒಂದು ಪ್ರತ್ಯೇಕ ಕಾಲಂ ಇರಲಿ. ‘ಶನಿವಾರ ರಾತ್ರಿಯ ಪಂದ್ಯ’ ಎಂದು ಬರೆದರೆ ಅದು ಯಾರ ಶನಿವಾರ ಎಂದು ಓದುವವರಿಗೆ ತಿಳಿಯುವುದಿಲ್ಲ.

ಎರಡನೆಯದು ನೆಲ ಮತ್ತು ಹವೆ. ಪ್ರತಿ ಪಂದ್ಯದ ಎದುರು ಮೂರು ಗುರುತು ಹಾಕುತ್ತೇನೆ: ಚಾವಣಿ ಇದೆಯೋ ಇಲ್ಲವೋ, ಸಮುದ್ರ ಮಟ್ಟದಿಂದ ಎಷ್ಟು ಎತ್ತರ, ಸ್ಥಳೀಯ ಗಡಿಯಾರದಲ್ಲಿ ಎಷ್ಟು ಗಂಟೆ. ಅಟ್ಲಾಂಟಾ, ಡಲ್ಲಾಸ್, ಹ್ಯೂಸ್ಟನ್, ವ್ಯಾಂಕೂವರ್‌ಗಳಲ್ಲಿ ಮುಚ್ಚಬಹುದಾದ ಚಾವಣಿ ಇದೆ. ಮಯಾಮಿಯಲ್ಲಿ ನೆರಳು ಪ್ರೇಕ್ಷಕರಿಗೆ ಮಾತ್ರ, ಆಟಗಾರರ ತಲೆಯ ಮೇಲೆ ಬಯಲೇ. ಮೆಕ್ಸಿಕೋ ಸಿಟಿ 2,200 ಮೀಟರ್‌ಗಿಂತಲೂ ಮೇಲಿದೆ, ಅಂದರೆ ನಮ್ಮ ಬೆಂಗಳೂರಿನ ಎರಡು ಪಟ್ಟಿಗೂ ಜಾಸ್ತಿ. ಗ್ವಾಡಲಹಾರ ಸುಮಾರು 1,500 ಮೀಟರ್. ಮೂರನೆಯ ಊರು ಮಾಂಟೆರ್ರೆ ಅಷ್ಟು ಎತ್ತರದಲ್ಲಿಲ್ಲ, ಆದರೆ ಬೇಸಿಗೆಯಲ್ಲಿ ಬೆಂದುಹೋಗುವ ಊರು. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ದೂರದ ಹೊಡೆತ ಕಡಿಮೆ ಬಾಗುತ್ತದೆ, ಗೋಲ್‌ಕೀಪರ್ ಎಣಿಸಿದ್ದಕ್ಕಿಂತ ಬೇಗ ಬಂದುಬಿಡುತ್ತದೆ. ಓಡಿದವರಿಗೆ ಮತ್ತೆ ಉಸಿರು ಹಿಡಿಯಲು ಹೆಚ್ಚು ಹೊತ್ತು ಬೇಕು. ಎದುರಾಳಿಯನ್ನು ಅವರದೇ ಅರ್ಧದಲ್ಲಿ ಅಟ್ಟಿಸಿಕೊಂಡು ಹೋಗಿ ಚೆಂಡು ಕಸಿಯುವ ತಂಡಗಳಿಗೆ ಇದರಿಂದ ಹೆಚ್ಚು ತೊಂದರೆ. ತಮ್ಮ ಅರ್ಧದಲ್ಲಿ ಗೋಡೆ ಕಟ್ಟಿ ಕಾಯುವವರಿಗೆ ಅಷ್ಟಿಲ್ಲ.

ಈ ಸಲ ಹವೆ ಹೇಗೇ ಇರಲಿ, ಪ್ರತಿ ಅರ್ಧದ ಮಧ್ಯಭಾಗದಲ್ಲಿ ಮೂರು ನಿಮಿಷದ ನೀರಿನ ವಿರಾಮ ಕಡ್ಡಾಯ. ಇದನ್ನು ಬರೀ ನೀರಿನ ವಿಷಯ ಎಂದು ದಾಟಿ ಹೋಗಬಾರದು. ಆಟ ನಾಲ್ಕು ತುಂಡಾಗುತ್ತದೆ, ಕೋಚ್‌ಗೆ ಬದಲಾವಣೆ ಹೇಳಲು ಎರಡು ಅವಕಾಶ ಹೆಚ್ಚಿಗೆ ಸಿಗುತ್ತವೆ. ಮೊದಲ ಇಪ್ಪತ್ತು ನಿಮಿಷ ಬಿರುಸಾಗಿ ನುಗ್ಗಿ ಎದುರಾಳಿಯನ್ನು ಕಂಗೆಡಿಸುವ ತಂಡದ ಓಟ ವಿರಾಮದಲ್ಲಿ ಮುರಿಯುತ್ತದೆ.

ಇನ್ನು ಅಂಕದ ಲೆಕ್ಕ. ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದು. ಪ್ರತಿ ಗುಂಪಿನ ಮೊದಲ ಇಬ್ಬರ ಜೊತೆಗೆ, 12 ಗುಂಪುಗಳ ಮೂರನೇ ಸ್ಥಾನದವರಲ್ಲಿ ಎಂಟು ತಂಡ 32ರ ಸುತ್ತಿಗೆ ಹೋಗುತ್ತವೆ. ಮೂರರಲ್ಲಿ ಎರಡು ಭಾಗ. ಆರು ಗುಂಪಿನಲ್ಲಿ ನಾಲ್ಕು ಮೂರನೆಯವರನ್ನು ಒಯ್ಯುವ ಯುರೋಪಿನ ದೇಶಗಳ ಯೂರೋ ಕೂಟದ ಪ್ರಮಾಣವೂ ಇದೇ ಆದ್ದರಿಂದ ಅಲ್ಲಿನ ಇತಿಹಾಸವನ್ನು ಅಳತೆಗೋಲಾಗಿ ಬಳಸಬಹುದು. 2016, 2020, 2024ರ ಮೂರೂ ಯೂರೋಗಳಲ್ಲಿ ನಾಲ್ಕು ಅಂಕದೊಂದಿಗೆ ಮೂರನೆಯದಾದ ಯಾವ ತಂಡವೂ ಮನೆಗೆ ಹೋಗಲಿಲ್ಲ. ಮೂರು ಅಂಕದವರ ಹಣೆಬರಹ ಗೋಲು ವ್ಯತ್ಯಾಸದ ಮೇಲೆ, ಅಂದರೆ ಹೊಡೆದ ಗೋಲಿನಿಂದ ಬಿಟ್ಟುಕೊಟ್ಟದ್ದನ್ನು ಕಳೆದ ಲೆಕ್ಕದ ಮೇಲೆ ನಿಂತಿತ್ತು. 2016ರಲ್ಲಿ ಸೊನ್ನೆ ವ್ಯತ್ಯಾಸದ ಪೋರ್ಚುಗಲ್, ಉತ್ತರ ಐರ್ಲೆಂಡ್ ದಾಟಿದವು, ಮೈನಸ್ ಎರಡರ ಟರ್ಕಿ, ಅಲ್ಬೇನಿಯಾ ಹೊರಬಿದ್ದವು. 2020ರಲ್ಲಿ ಮೈನಸ್ ಒಂದರ ಉಕ್ರೇನ್ ದಾಟಿತು, ಮೈನಸ್ ಎರಡರ ಫಿನ್‌ಲೆಂಡ್ ಹೊರಬಿತ್ತು. 2024ರಲ್ಲಿ ಸೊನ್ನೆಯ ಸ್ಲೊವೇನಿಯಾ ಒಳಗೆ, ಮೈನಸ್ ಮೂರರ ಹಂಗೇರಿ ಹೊರಗೆ. ನಾನು ಇಟ್ಟುಕೊಂಡ ಗೆರೆ ಇದು: ನಾಲ್ಕು ಅಂಕ ಬಂದರೆ ನಿಶ್ಚಿಂತೆ, ಮೂರು ಅಂಕವಿದ್ದರೆ ವ್ಯತ್ಯಾಸ ಮೈನಸ್ ಒಂದಕ್ಕಿಂತ ಕೆಳಗಿಳಿಯಬಾರದು. ಒಂದು ಎಚ್ಚರಿಕೆ ಮಾತ್ರ, ಆ ನಾಲ್ಕು ಅಂಕ ಮೂರನೇ ಸ್ಥಾನದಲ್ಲಿರಬೇಕು. 2024ರಲ್ಲಿ ಉಕ್ರೇನ್‌ನ ಗುಂಪಿನಲ್ಲಿ ನಾಲ್ವರಿಗೂ ನಾಲ್ಕು ನಾಲ್ಕು ಅಂಕ ಬಂದು ಉಕ್ರೇನ್ ಕೊನೆಯದಾಗಿ ಹೊರಬಿತ್ತು.

ಮೂರನೇ ಸ್ಥಾನವೆಂದರೆ ಏದುಸಿರು ಬಿಡುತ್ತಾ ಒಳಗೆ ಬಂದವರು ಎಂದು ಬರೆದು ಮುಗಿಸುವವರು ಹಳೆಯ ಪಟ್ಟಿಯನ್ನೊಮ್ಮೆ ನೋಡಬೇಕು. 1990ರ ಅರ್ಜೆಂಟೀನಾ, 1994ರ ಇಟಲಿ ಗುಂಪಿನಲ್ಲಿ ಮೂರನೆಯವರಾಗಿಯೇ ಫೈನಲ್ ಮುಟ್ಟಿದ್ದು. 2016ರ ಪೋರ್ಚುಗಲ್ ಮೂರೂ ಗುಂಪು ಪಂದ್ಯ ಡ್ರಾ ಮಾಡಿಕೊಂಡು ಕೊನೆಗೆ ಕಪ್ಪನ್ನೇ ಎತ್ತಿತು.

ಸಮಬಲ ಮುರಿಯುವ ನಿಯಮವೂ ಈ ಬಾರಿ ಬದಲಾಗಿದೆ. ಗುಂಪಿನೊಳಗೆ ಅಂಕ ಸಮವಾದರೆ ಮೊದಲು ನೋಡುವುದು ಆ ತಂಡಗಳು ಪರಸ್ಪರ ಆಡಿದ ಪಂದ್ಯದ ಫಲಿತಾಂಶ. 2022ರ ಕತಾರ್ ವಿಶ್ವಕಪ್‌ನಲ್ಲಿ ಮೊದಲು ಒಟ್ಟು ಗೋಲು ವ್ಯತ್ಯಾಸ ಬರುತ್ತಿತ್ತು. ಇದರ ಪರಿಣಾಮ ಮೂರನೇ ಪಂದ್ಯದಲ್ಲಿ ಕಾಣುತ್ತದೆ. ಒಂದು ತಂಡ ಮೊದಲೆರಡು ಪಂದ್ಯ ಗೆದ್ದಿದೆ, ಕೊನೆಯ ಎದುರಾಳಿ ಎರಡೂ ಸೋತಿದೆ ಎಂದುಕೊಳ್ಳಿ. ಉಳಿದಿಬ್ಬರಲ್ಲಿ ಒಬ್ಬರು ಆರು ಅಂಕಕ್ಕೆ ಬಂದರೂ ಈ ತಂಡದೆದುರು ಆಗಲೇ ಸೋತವರು. ಮೊದಲ ಸ್ಥಾನ ಭದ್ರವಾಯಿತು, ಕೋಚ್ ಮುಖ್ಯ ಆಟಗಾರರನ್ನು ಕೂರಿಸುತ್ತಾರೆ. ಹಳೆಯ ನಿಯಮದಲ್ಲಿ ಆ ಧೈರ್ಯ ಇರುತ್ತಿರಲಿಲ್ಲ. ಹಾಗಾಗಿ ದೊಡ್ಡ ತಂಡವನ್ನು ಕೊನೆಗೆ ಎದುರಿಸುವ ಸಣ್ಣ ತಂಡಕ್ಕೆ ನನ್ನ ಪಟ್ಟಿಯಲ್ಲಿ ಸ್ವಲ್ಪ ಹೆಚ್ಚು ಅವಕಾಶ ಕೊಡುತ್ತೇನೆ. ಆದರೆ ಬೇರೆ ಬೇರೆ ಗುಂಪಿನ ಮೂರನೆಯವರನ್ನು ಹೋಲಿಸುವಾಗ ಪರಸ್ಪರ ಫಲಿತಾಂಶ ಇರುವುದಿಲ್ಲ, ಅಲ್ಲಿ ಅಂಕದ ನಂತರ ಗೋಲು ವ್ಯತ್ಯಾಸವೇ. ಎರಡನ್ನೂ ಒಂದೇ ಸೂತ್ರದಲ್ಲಿ ತುಂಬಿದರೆ ಇಡೀ ಹಾಳೆ ಸುಳ್ಳು ಹೇಳುತ್ತದೆ.

ತಂಡಗಳ ಬಲ ಅಳೆಯಲು ರೇಟಿಂಗ್ ಬಳಸುವವರಿಗೊಂದು ಮಾತು. ಫಿಫಾ ರ‍್ಯಾಂಕಿಂಗ್ 2018ರಿಂದ ಈಲೋ ಮಾದರಿಯದ್ದೇ (ಎದುರಾಳಿಯ ಬಲ ನೋಡಿ ಪ್ರತಿ ಪಂದ್ಯದ ನಂತರ ಪಾಯಿಂಟ್ ಏರಿಸಿ ಇಳಿಸುವ ಲೆಕ್ಕ), ಆದರೆ ಅದರ ಸೂತ್ರದಲ್ಲಿ ಭಾಗಿಸುವ ಸಂಖ್ಯೆ 600, ಸಾಮಾನ್ಯ ಈಲೋದಲ್ಲಿ 400. ಎರಡು ತಂಡಗಳ ನಡುವೆ 200 ಪಾಯಿಂಟ್ ಅಂತರವಿದ್ದರೆ ಈಲೋ ಪ್ರಕಾರ ಮೇಲಿನವರ ನಿರೀಕ್ಷೆ 0.76, ಫಿಫಾ ಪ್ರಕಾರ 0.68. ಒಂದರ ಅಂಕಿಯನ್ನು ಇನ್ನೊಂದರ ಸೂತ್ರಕ್ಕೆ ಹಾಕಬಾರದು. ಇನ್ನೂ ಸಾಮಾನ್ಯ ತಪ್ಪೆಂದರೆ 0.68 ಅನ್ನು ಗೆಲ್ಲುವ ಸಾಧ್ಯತೆ ಎಂದೇ ಬರೆಯುವುದು. ಅದು ಗೆಲುವು ಮತ್ತು ಅರ್ಧ ಡ್ರಾ ಸೇರಿದ ಮೊತ್ತ. ಡ್ರಾಗೆ ನೂರಕ್ಕೆ 25 ಇಟ್ಟರೆ ಗೆಲುವು 55.5, ಸೋಲು 19.5. ಈ ರೀತಿ ಬಿಡಿಸಿದ ಮೇಲೆಯೇ ಗುಂಪಿನ ಆರು ಪಂದ್ಯಗಳಿಗೆ ಗೆಲುವು, ಡ್ರಾ, ಸೋಲು ಎಂದು ಬರುವ 729 ಫಲಿತಾಂಶ ಜೋಡಣೆಗಳನ್ನು ಹಾಳೆಗೆ ಬಿಡುತ್ತೇನೆ.

ಅರ್ಹತಾ ಸುತ್ತಿನ ಅಂಕಿಗಳಲ್ಲಿ ಕೆಳಗಿನ ತಂಡವನ್ನು ಕಳೆದೇ ನೋಡಬೇಕು. ನಾರ್ವೆ 8 ಪಂದ್ಯದಲ್ಲಿ 37 ಗೋಲು ಹೊಡೆಯಿತು, ಅದರಲ್ಲಿ 16 ಮಾಲ್ಡೋವಾ ಒಂದರ ಮೇಲೆಯೇ. ಅವನ್ನು ತೆಗೆದರೂ 6 ಪಂದ್ಯಕ್ಕೆ 21 ಉಳಿಯುತ್ತದೆ, ಇಟಲಿಯನ್ನು 3–0, 4–1ರಿಂದ ಬಡಿದದ್ದೂ ಸೇರಿ. ಅಂದರೆ ಅದು ಪೊಳ್ಳು ಅಂಕಿಯಲ್ಲ. ಈಕ್ವೆಡಾರ್ 18 ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು 5 ಗೋಲು. ತವರಿನಲ್ಲಿ ಕೀಟೊದ ಎತ್ತರದಲ್ಲಿ ಆಡಿದವುಗಳನ್ನು ಬೇರೆ ಮಾಡಿ, ಹೊರಗಿನ ಪಂದ್ಯಗಳನ್ನಷ್ಟೇ ತೂಗಿ. ಸೌಹಾರ್ದ ಪಂದ್ಯಗಳನ್ನು ನಾನು ಆಟಗಾರರ ಪ್ರಯೋಗ ನೋಡಲು ಬಿಟ್ಟರೆ ಬೇರೇನಕ್ಕೂ ಬಳಸುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಬ್ರೆಜಿಲ್ ದಕ್ಷಿಣ ಕೊರಿಯಾವನ್ನು 5–0ರಿಂದ ಸೋಲಿಸಿ, ಅದಾದ ನಾಲ್ಕೇ ದಿನಕ್ಕೆ ಹನ್ನೊಂದರ ತಂಡವನ್ನು ತುಂಬಾ ಬದಲಿಸಿ ಟೋಕಿಯೊದಲ್ಲಿ ಜಪಾನ್ ಎದುರು 2–0 ಮುಂದಿದ್ದೂ 3–2ರಿಂದ ಸೋತಿತು. ಎರಡರಲ್ಲಿ ಯಾವುದು ನಿಜವಾದ ಬ್ರೆಜಿಲ್? ಎರಡೂ ಅಲ್ಲ.

ಬ್ರೆಜಿಲ್ ಎಂದ ಮೇಲೆ ‘ಸಿ’ ಗುಂಪನ್ನೇ ಬಿಡಿಸಿ ತೋರಿಸುತ್ತೇನೆ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿದವರ ಊರಿನಲ್ಲಿ ಈ ಗುಂಪನ್ನು ಎರಡು ಸಾಲಿನಲ್ಲಿ ಮುಗಿಸಿದರೆ ಕ್ಷಮೆ ಸಿಗುವುದಿಲ್ಲ. ಬ್ರೆಜಿಲ್, ಮೊರಾಕೊ, ಸ್ಕಾಟ್‌ಲೆಂಡ್, ಹೈಟಿ. ಮೊದಲ ಮೂವರು 1998ರಲ್ಲೂ ಒಂದೇ ಗುಂಪಿನಲ್ಲಿದ್ದರು. ಬ್ರೆಜಿಲ್ ದಕ್ಷಿಣ ಅಮೆರಿಕದಲ್ಲಿ ಐದನೆಯದಾಗಿ ಬಂದಿದೆ. ಅರ್ಜೆಂಟೀನಾ ಎದುರು 4–1ರ ಸೋಲಿನ ನಂತರ ಕೋಚ್ ಬದಲಾಗಿ ಆಂಚೆಲೊಟ್ಟಿ ಬಂದರು. ಮೊರಾಕೊ ಅರ್ಹತಾ ಸುತ್ತಿನ ಎಂಟಕ್ಕೆ ಎಂಟೂ ಗೆದ್ದಿದೆ. 2022ರಲ್ಲಿ ಸೆಮಿಫೈನಲ್‌ವರೆಗೆ ಆ ತಂಡದ ಬಲೆಗೆ ಬಿದ್ದದ್ದು ಒಂದೇ ಗೋಲು, ಅದೂ ಸ್ವಂತ ಗೋಲು. ಸ್ಕಾಟ್‌ಲೆಂಡ್ 1998ರ ನಂತರ ಈಗ ಬರುತ್ತಿದೆ, ಹಿಂದಿನ ಎಂಟು ವಿಶ್ವಕಪ್‌ಗಳಲ್ಲಿ ಒಮ್ಮೆಯೂ ಮೊದಲ ಸುತ್ತು ದಾಟಿಲ್ಲ. ಹೈಟಿಗೆ 1974ರ ನಂತರ ಇದೇ ಮೊದಲು.

ಈಗ ವೇಳಾಪಟ್ಟಿ ಮೇಲಿಡಿ. ಮೊದಲ ದಿನ ನ್ಯೂಜೆರ್ಸಿಯಲ್ಲಿ ಬ್ರೆಜಿಲ್–ಮೊರಾಕೊ, ನಮಗೆ ಜೂನ್ 14ರ ಭಾನುವಾರ ಬೆಳಗಿನ ಜಾವ ಮೂರೂವರೆ. ಅದು ಮುಗಿದ ಮೇಲೆ ಆರೂವರೆಗೆ ಬಾಸ್ಟನ್‌ನಲ್ಲಿ ಹೈಟಿ–ಸ್ಕಾಟ್‌ಲೆಂಡ್. ಕೊನೆಯ ಸುತ್ತಿನಲ್ಲಿ ಒಂದೇ ಹೊತ್ತಿಗೆ ಎರಡು ಪಂದ್ಯ: ಬಯಲು ಮಯಾಮಿಯ ಸೆಖೆಯಲ್ಲಿ ಸ್ಕಾಟ್‌ಲೆಂಡ್–ಬ್ರೆಜಿಲ್, ಚಾವಣಿ ಮುಚ್ಚಿದ ಅಟ್ಲಾಂಟಾದಲ್ಲಿ ಮೊರಾಕೊ–ಹೈಟಿ. ಗೋಲುಗಳ ಹಸಿವಿರುವ ಮೊರಾಕೊಗೆ ಅಟ್ಲಾಂಟಾ ಅನುಕೂಲ. ಮುಂದಿನ ಸುತ್ತಿನಲ್ಲಿ ಈ ಗುಂಪಿನ ಮೊದಲಿಗರು ಹ್ಯೂಸ್ಟನ್‌ನಲ್ಲಿ ‘ಎಫ್’ ಗುಂಪಿನ ಎರಡನೆಯವರನ್ನು, ಎರಡನೆಯವರು ಮಾಂಟೆರ್ರೆಯಲ್ಲಿ ‘ಎಫ್’ನ ಮೊದಲಿಗರನ್ನು ಎದುರಿಸುತ್ತಾರೆ. ‘ಎಫ್’ನಲ್ಲಿ ನೆದರ್ಲೆಂಡ್ಸ್, ಜಪಾನ್, ಟ್ಯುನೀಷಿಯಾ ಇದ್ದಾರೆ. ಎಲ್ಲ ಗುಂಪಿನ ವಿಜೇತರಿಗೂ ಮೂರನೇ ಸ್ಥಾನದ ಸುಲಭ ಎದುರಾಳಿ ಸಿಗುವುದಿಲ್ಲ. ಸಿ, ಎಫ್, ಎಚ್, ಜೆ ಗುಂಪುಗಳ ವಿಜೇತರಿಗೆ ಸಿಗುವುದು ಎರಡನೆಯವರೇ. ಎಚ್‌ನಲ್ಲಿ ಸ್ಪೇನ್, ಜೆಯಲ್ಲಿ ಅರ್ಜೆಂಟೀನಾ ಇವೆ ಎನ್ನುವುದನ್ನು ಗಮನಿಸಿ.

ನನ್ನ ಹಾಳೆಯಲ್ಲಿ ಬ್ರೆಜಿಲ್ ಮೊದಲು, ಕೂದಲೆಳೆಯ ಅಂತರದಲ್ಲಿ ಮೊರಾಕೊ ಎರಡನೆಯದು. ಮೂರನೆಯದಾಗಿ ಸ್ಕಾಟ್‌ಲೆಂಡ್ ದಾಟುತ್ತದೋ ಇಲ್ಲವೋ ಎನ್ನುವುದು ಬ್ರೆಜಿಲ್ ಎದುರಿನ ಪಂದ್ಯಕ್ಕಿಂತ ಹೈಟಿ ಎದುರಿನ ಅಂತರದಲ್ಲಿದೆ. ಅಲ್ಲಿ 1–0ರಿಂದ ಗೆದ್ದು, ಮುಂದಿನ ಎರಡನ್ನು ಒಂದೊಂದು ಗೋಲಿನಿಂದ ಸೋತರೂ ಮೂರು ಅಂಕ, ಮೈನಸ್ ಒಂದು; ಗೆರೆಯ ಮೇಲೆಯೇ ಕೂತಂತೆ. 3–0 ಗೆದ್ದರೆ ಅದೇ ಎರಡು ಸೋಲಿನ ನಂತರವೂ ಪ್ಲಸ್ ಒಂದು ಉಳಿಯುತ್ತದೆ. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಸ್ಕಾಟ್‌ಲೆಂಡ್ 1–0 ಮುಂದಿರುವಾಗ 70ನೇ ನಿಮಿಷದ ಹೊತ್ತಿಗೆ ಅದರ ಕೋಚ್ ಸ್ಟೀವ್ ಕ್ಲಾರ್ಕ್ ಡಿಫೆಂಡರ್‌ನನ್ನು ಮೈದಾನಕ್ಕಿಳಿಸುತ್ತಾರೋ ಫಾರ್ವರ್ಡ್‌ನನ್ನೋ ನೋಡಿ.