ಎಂಟು ಚಾಪೆ, ನಾಲ್ಕು ಚಾಪೆ: ನಾನು ‘ಕೊಕೊರೊ’ ಓದಿದ್ದು ಹೀಗೆ

ಜಪಾನಿನ ನತ್ಸುಮೆ ಸೊಸೆಕಿಯ ಕಾದಂಬರಿ ‘ಕೊಕೊರೊ’ ಮೊದಲ ಸಲ ಓದಿದಾಗ ನನಗೆ ಬಂದಿದ್ದು ಸಿಟ್ಟು. ಎರಡೇ ದಿನದಲ್ಲಿ ಓದಿ ಮುಗಿಸಿದ್ದೆ. ಕೆಲಸ ಮಾಡದ, ಯಾರನ್ನೂ ಹತ್ತಿರ ಸೇರಿಸದ, ತಿಂಗಳಿಗೊಮ್ಮೆ ಗೆಳೆಯನ ಸಮಾಧಿಗೆ ಹೋಗಿಬರುವ ಒಬ್ಬ ಗಂಡಸು. ಅವನ ಬೆನ್ನುಹತ್ತಿದ ಒಬ್ಬ ಹುಡುಗ. ಕೊನೆಗೆ ಆ ಗಂಡಸು ಹುಡುಗನಿಗೆ ಬರೆದ ಉದ್ದನೆ ಕಾಗದ. ‘ಬಾಯಿಬಿಟ್ಟು ಹೇಳಿದ್ದರೆ ಮುಗೀತಿತ್ತಲ್ಲ ಮಾರಾಯ’ ಅಂದುಕೊಂಡು ಪುಸ್ತಕ ಎತ್ತಿಟ್ಟೆ.

ನನಗೆ ಜಪಾನಿ ಬರುವುದಿಲ್ಲ. ಓದಿದ್ದು ಇಂಗ್ಲಿಷಿನಲ್ಲಿ, 1957ರ ಎಡ್ವಿನ್ ಮೆಕ್ಲೆಲನ್ ಅನುವಾದ. ಅದರಲ್ಲೊಂದು ಅಡಿಟಿಪ್ಪಣಿ ಇದೆ. ಹುಡುಗ ಆ ಗಂಡಸನ್ನು ಕರೆಯುವ ‘ಸೆನ್ಸೆ’ ಅನ್ನುವುದಕ್ಕೆ ‘ಟೀಚರ್’ ಸರಿಹೋಗದು, ಫ್ರೆಂಚಿನ ‘ಮೇತ್ರ್’ ವಾಸಿ ಅಂತ. ಅಷ್ಟು ದೂರ ಯಾಕೆ, ನಮ್ಮಲ್ಲಿ ‘ಮೇಷ್ಟ್ರು’ ಇದ್ದಾರಲ್ಲ! ಪಾಠ ಮಾಡುವುದು ಬಿಟ್ಟು ಇಪ್ಪತ್ತು ವರ್ಷವಾದರೂ ಊರಿಗೆಲ್ಲ ಮೇಷ್ಟ್ರೇ. ಕತೆಯ ಸೆನ್ಸೆ ಅಂತೂ ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಎರಡನೇ ಸಲ ಅವರನ್ನು ಮನಸ್ಸಿನಲ್ಲಿ ಮೇಷ್ಟ್ರು ಅಂತಲೇ ಕರೆದುಕೊಂಡು ಓದಿದೆ. ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ವೇಗವನ್ನೂ ಬದಲಿಸಿದೆ. ಈ ಕಾದಂಬರಿ 1914ರಲ್ಲಿ ಅಸಾಹಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಒಟ್ಟು 110 ಕಂತು, ಎಲ್ಲವೂ ಪುಟ್ಟವು. ದಿನಕ್ಕೆ ಎರಡೇ ಅಂತ ಲೆಕ್ಕ ಇಟ್ಟುಕೊಂಡೆ. ಮೆಟ್ರೊದಲ್ಲಿ ಹೋಗುವಾಗ ಒಂದು, ಬರುವಾಗ ಒಂದು. ಮೇಷ್ಟ್ರು ಅರ್ಧಕ್ಕೆ ನಿಲ್ಲಿಸಿದ ಮಾತು ಸಂಜೆವರೆಗೂ ತಲೆಯಲ್ಲಿ ಕೊರೆಯುತ್ತಿತ್ತು. ಮೊದಲ ಸಲ ಅಂಥ ಮಾತುಗಳನ್ನೆಲ್ಲ ಸುಮ್ನೆ ಹಾರಿಸಿಕೊಂಡು ಹೋಗಿದ್ದೆ.

ಆದರೆ ಪುಸ್ತಕ ನಿಜವಾಗಿ ತೆರೆದುಕೊಂಡಿದ್ದು ಮನೆಯ ನಕ್ಷೆ ಬರೆದಾಗ. ಮೇಷ್ಟ್ರು ವಿದ್ಯಾರ್ಥಿಯಾಗಿದ್ದಾಗ ಒಬ್ಬ ವಿಧವೆಯ ಮನೆಯಲ್ಲಿ ಬಾಡಿಗೆಗಿರುತ್ತಾರೆ. ಕೈಯಲ್ಲಿ ಕಾಸಿಲ್ಲದ ಗೆಳೆಯ ‘ಕೆ’ಯನ್ನೂ ತಾವೇ ಕರೆತರುತ್ತಾರೆ. ಆ ಮನೆಯ ಮಗಳ ಮೇಲೆ ಇಬ್ಬರಿಗೂ ಮನಸ್ಸು. ಮೇಷ್ಟ್ರದು 8 ಚಾಪೆಯ ಕೋಣೆ, ಕೆ-ಯದು 4 ಚಾಪೆಯದು. ಜಪಾನಿನಲ್ಲಿ ಕೋಣೆಯ ಅಳತೆ ಹೇಳುವುದು ನೆಲಕ್ಕೆ ಹಾಸುವ ತತಾಮಿ ಚಾಪೆಗಳ ಲೆಕ್ಕದಲ್ಲಿ. ಒಂದು ಚಾಪೆ ಸುಮಾರು 6 ಅಡಿಗೆ 3 ಅಡಿ. ನೋಟ್‌ಬುಕ್ಕಿನಲ್ಲಿ ಚೌಕ ಹಾಕುತ್ತಾ ಹೋದೆ. ಮೇಷ್ಟ್ರು ತಮ್ಮ ಕೋಣೆಗೆ ಹೋಗಬೇಕೆಂದರೆ ಕೆ-ಯ ಕೋಣೆ ಹಾಯ್ದೇ ಹೋಗಬೇಕು! ನಡುವೆ ಇರುವುದು ಗೋಡೆಯಲ್ಲ, ಕಾಗದ ಅಂಟಿಸಿದ ಜಾರುಬಾಗಿಲು. ಚಿಲಕವಿಲ್ಲ. ಇಟ್ಟಿಗೆ ಗೋಡೆ, ಅಗುಳಿ ಹಾಕಿದ ಬಾಗಿಲುಗಳ ನಡುವೆ ಬೆಳೆದ ನನ್ನ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ.

ಒಂದು ರಾತ್ರಿ ಆ ಬಾಗಿಲು ಎರಡಡಿಯಷ್ಟು ಸರಿಯುತ್ತದೆ. ಕೆ-ಯ ಕಪ್ಪು ಆಕಾರ ನಿಂತಿರುತ್ತದೆ. ಮಲಗಿದೆಯಾ ಅಂತ ಕೇಳುತ್ತಾನೆ, ಅಷ್ಟೇ. ಆಮೇಲೆ ಮೇಷ್ಟ್ರು ಅವನಿಗೆ ತಿಳಿಸದೆ ಹುಡುಗಿಯ ತಾಯಿಯ ಹತ್ತಿರ ಮದುವೆ ಕೇಳಿಬಿಡುತ್ತಾರೆ. ಇನ್ನೊಂದು ರಾತ್ರಿ ತಣ್ಣನೆ ಗಾಳಿ ಬೀಸಿ ಎಚ್ಚರವಾದರೆ, ಬಾಗಿಲು ಅಷ್ಟೇ ತೆರೆದಿದೆ. ಈ ಸಲ ಯಾರೂ ನಿಂತಿಲ್ಲ. ಕೆ ತನ್ನ ಕೋಣೆಯಲ್ಲಿ ಪ್ರಾಣ ಕಳೆದುಕೊಂಡಿದ್ದಾನೆ. ನಕ್ಷೆಯ ಮೇಲೆ ಬೆರಳಿಟ್ಟುಕೊಂಡು ಓದುತ್ತಿದ್ದೆ. ಇಳಿಯಬೇಕಾದ ಸ್ಟೇಷನ್ ದಾಟಿಹೋಯಿತು.

ಜಪಾನಿನ ಸೇನಾನಿ ಜನರಲ್ ನೋಗಿಯ ಸಾವಿನ ಸುದ್ದಿ ಓದಿದ ಮೇಲೆ ಮೇಷ್ಟ್ರೂ ಸಾಯಲು ತೀರ್ಮಾನಿಸುತ್ತಾರೆ. ಆ ನೋಗಿಯ ವಿಷಯ ಮಾತ್ರ ನನಗಿನ್ನೂ ಪೂರ್ತಿ ಒಗ್ಗಿಲ್ಲ. ಮೇಜಿ ಚಕ್ರವರ್ತಿಯ ಅಂತ್ಯಕ್ರಿಯೆ ನಡೆದ 1912ರ ಸೆಪ್ಟೆಂಬರ್ 13ರಂದು ಆತ, ಆತನ ಹೆಂಡತಿ ಇಬ್ಬರೂ ತಾವಾಗಿಯೇ ಪ್ರಾಣ ಬಿಟ್ಟರು. 1877ರ ಕಾಳಗದಲ್ಲಿ ಬಾವುಟ ಕಳೆದುಕೊಂಡ ನಾಚಿಕೆಯನ್ನು ಆತ 35 ವರ್ಷ ಹೊತ್ತಿದ್ದ. ಓದುವಾಗ ಹಳೇಬೀಡಿನ ಕಂಬ ನೆನಪಾಯಿತು. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಹೆಂಡತಿಯ ಸಮೇತ ಪ್ರಾಣ ಕೊಟ್ಟ ಅವನ ಬಂಟ ಕುವರ ಲಕ್ಷ್ಮನದು. ನೋಗಿಗೆ ಈ ಹೋಲಿಕೆ ಸರಿಹೋದೀತು, ಮೇಷ್ಟ್ರಿಗೆ ಸಾಲದು. ಅವರ ಮನೆಯಲ್ಲಿ ಒಡೆಯನ ಹಿಂದೆಯೇ ಪ್ರಾಣ ಬಿಡುವ ಮಾತು ಶುರುವಾಗಿದ್ದೇ ಹೆಂಡತಿ ಮಾಡಿದ ತಮಾಷೆಯಿಂದ.

ಕೊನೆಯ ಇಪ್ಪತ್ತು ಕಂತಿಗೆ ನನ್ನ ನಿಯಮ ಮುರಿಯಿತು. ಹುಬ್ಬಳ್ಳಿ ರೈಲಿನಲ್ಲಿ ಒಂದೇ ಉಸಿರಿಗೆ ಓದಿದೆ. ಕತೆಯ ಹುಡುಗನೂ ಸಾಯುತ್ತಿರುವ ಅಪ್ಪನನ್ನು ಬಿಟ್ಟು ರೈಲು ಹತ್ತಿ ಅದೇ ಕಾಗದ ಓದುತ್ತಾನೆ. ಕಾಗದ ಮುಗಿದಲ್ಲಿಗೆ ಕಾದಂಬರಿಯೂ ಮುಗಿಯುತ್ತದೆ. ಅಪ್ಪ ಏನಾದರು, ಹುಡುಗ ವಾಪಸ್ ಹೋದನಾ, ಸೊಸೆಕಿ ಹೇಳುವುದಿಲ್ಲ. ನನಗದು ಗೊತ್ತೇ ಇತ್ತು. ಆದರೂ ಕೊನೆಯ ಪುಟ ತಿರುಗಿಸಿ ನೋಡಿದೆ.