ಬೆಂಕಿಗೂ ಒಂದು ಕಾಲಂ

ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ, ಅಂದರೆ ಹೊರಗಿನಿಂದ ಬಂದು ಕಾಡೆಲ್ಲ ಹಬ್ಬಿದ ಪೊದೆಗಿಡ, ಎಣಿಸಲು ಬರುವ ಹುಡುಗರು ಪ್ಲಾಟ್ (ಎಣಿಕೆಗೆ ಗುರುತು ಹಾಕುವ ಜಾಗ) ಎಷ್ಟು ದೊಡ್ಡದಿರಬೇಕು ಅಂತ ಕೇಳುತ್ತಾರೆ. ಮೊದಲು ಡೇಟಾ ಶೀಟ್ ತೋರಿಸಿ ಅನ್ನುತ್ತೇನೆ. ಯಾವ ಕಾಲಂ ಇದೆ, ಯಾವುದಿಲ್ಲ ಅಂತ ನೋಡಿದರೆ ತಲೆಯಲ್ಲಿ ಯಾವ ಸಿದ್ಧಾಂತ ಕೂತಿದೆ ಅಂತ ತಿಳಿಯುತ್ತದೆ.

ನಾವು ಓದಿದ್ದು ಅಮೆರಿಕದ ಸಸ್ಯವಿಜ್ಞಾನಿ ಕ್ಲೆಮೆಂಟ್ಸ್ 1916ರಲ್ಲಿ ಹೇಳಿದ ಕಾಡು. ಅದು ಹಂತ ಹಂತವಾಗಿ ಬೆಳೆದು, ಆ ಹವೆಗೆ ತಕ್ಕ ಕೊನೆಯ ರೂಪಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಯದೇ ಇನ್ನೊಬ್ಬ ಸಸ್ಯವಿಜ್ಞಾನಿ ಗ್ಲೀಸನ್ ಇದನ್ನು ಒಪ್ಪಲಿಲ್ಲ. ಒಂದೊಂದು ಜಾತಿಯ ಗಿಡಕ್ಕೂ ಅದರದ್ದೇ ದಾರಿ, ಒಂದೇ ಜಾಗ ಹಿಡಿಸಿದವು ಸೇರಿಕೊಂಡಿವೆ ಅಷ್ಟೇ ಎಂದರು. ಪರೀಕ್ಷೆಗೆ ಇಬ್ಬರೂ ಬರುತ್ತಿದ್ದರು. ಫೀಲ್ಡ್ ಶೀಟಿನಲ್ಲಿ ಮಾತ್ರ ಗೆದ್ದಿದ್ದು ಕ್ಲೆಮೆಂಟ್ಸೇ: ಬೆಂಕಿ ಅಂದರೆ ಆ ಬೆಳವಣಿಗೆಗೆ ಅಡ್ಡ ಬರುವ ಹಾನಿ, ಬಿದ್ದಿದೆಯೋ ಇಲ್ಲವೋ ಅಂತ ಒಂದು ಟಿಕ್.

ಜೊತೆಗೆ ಬರುತ್ತಿದ್ದ ಸೋಲಿಗ ಅಜ್ಜ ಒಮ್ಮೆ, "ಯಾವ ತಿಂಗಳ ಬೆಂಕಿ ಅಂತ ಬರ್ಕೊಳಲ್ವಾ?" ಅಂದರು. ಸೋಲಿಗರು ತರಗು ಬೆಂಕಿ ಹಾಕುತ್ತಿದ್ದದ್ದು ಬಿಸಿಲು ಏರುವ ಮುಂಚೆ. ಹುಲ್ಲು ಪೂರ್ತಿ ಒಣಗಿರುವುದಿಲ್ಲ, ತರಗೆಲೆ ಉರಿದು ಬೆಂಕಿ ಮುಂದೆ ಹೋಗುತ್ತದೆ. ಲಂಟಾನದ ಎಳೆ ಸಸಿಯನ್ನೂ, ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲನ್ನೂ ಅದು ಹದ್ದುಬಸ್ತಿನಲ್ಲಿ ಇಟ್ಟಿತ್ತು ಅಂತ ಅವರ ಮಾತು. (ಉಪ್ಪಿಲು ಅಂದರೆ ಬಂದಳಿಕೆ.) 1974ರಲ್ಲಿ ಈ ಬೆಟ್ಟ ವನ್ಯಜೀವಿಧಾಮವಾಯಿತು, ಬೆಂಕಿ ಹಾಕುವುದು ನಿಂತಿತು, ಆಮೇಲೆ ಲಂಟಾನ ಜಾಸ್ತಿಯಾಯಿತು. ಬೆಂಕಿ ನಿಂತಿದ್ದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ತಿಂಗಳನ್ನೇ ಬರೆದಿಡದೆ ಅದನ್ನು ಪರೀಕ್ಷಿಸುವುದಾದರೂ ಹೇಗೆ?

ಆಮೇಲಿನ ನನ್ನ ಶೀಟಿನಲ್ಲಿ ಬೆಂಕಿಗೇ ನಾಲ್ಕು ಕಾಲಂ: ಬಿದ್ದ ತಿಂಗಳು, ತೊಗಟೆಯ ಮೇಲೆ ಕರಿ ಎಷ್ಟು ಎತ್ತರಕ್ಕಿದೆ, ತರಗಿನ ದಪ್ಪ, ಹುಲ್ಲು ಉಳಿದಿದೆಯಾ. ನೆಲ್ಲಿ ಸಿಕ್ಕರೆ ಉಪ್ಪಿಲು ಎಷ್ಟು ಕೊಂಬೆಗೆ ಹತ್ತಿದೆ ಅಂತಲೂ ಬರೆಯುತ್ತೇನೆ. ಪ್ಲಾಟ್ ಚೌಕ ಅಲ್ಲ, ಉದ್ದನೆಯ ಪಟ್ಟಿ, ಅಗಲ 5 ಮೀಟರ್. ದಟ್ಟ ಪೊದೆಯಲ್ಲಿ ಚೌಕದ ನಾಲ್ಕು ಮೂಲೆ ಹಿಡಿಯುವುದು ಆಗದ ಕೆಲಸ. ಮರದ ಸುತ್ತಳತೆ 1.3 ಮೀಟರ್ ಎತ್ತರದಲ್ಲಿ, ಅದು ಸುಲಭ. ಲಂಟಾನ ಎಣಿಸುವುದೇ ಪೇಚು. ಮೇಲಿನಿಂದ ನೋಡಿದರೆ ಒಂದೇ ಪೊದೆ, ಮಂಡಿಯೂರಿ ಒಳಗೆ ನುಗ್ಗಿದರೆ ಬುಡ ಬೇರೆ ಬೇರೆ. ಒಂದೊಂದು ಬುಡಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಗೆರೆ ಬಿದ್ದದ್ದನ್ನು ಮಾತ್ರ ಕೂಗುತ್ತೇನೆ. ಹೊರಗೆ ಕೂತವರು ಬರೆದುಕೊಳ್ಳುತ್ತಾರೆ. ಸಂಜೆ ಮುಂಗೈ ತುಂಬ ತರಚು, ಅಂಗಿ ತುಂಬ ಆ ಎಲೆಯ ಘಾಟು.

ಹಾಗಂತ ನಾಳೆಯೇ ತರಗು ಬೆಂಕಿ ಶುರು ಮಾಡಿ ಅನ್ನುವವರಿಗೆ ನನ್ನ ಒಪ್ಪಿಗೆ ಇಲ್ಲ. ಈಗ ಕೆಳಗೆ ಇರುವುದು ಬರೀ ತರಗಲ್ಲ, ಆಳೆತ್ತರದ ಒಣ ಲಂಟಾನ. ಬೆಂಕಿ ಅದನ್ನು ಹಿಡಿದು ಕೊಂಬೆಯವರೆಗೂ ಏರುತ್ತದೆ. ಮೊದಲು ಬೇರು ಸಮೇತ ಕಿತ್ತ ಪಟ್ಟಿ, ಪಕ್ಕದಲ್ಲೇ ಕೀಳದ ಪಟ್ಟಿ, ಎರಡಕ್ಕೂ ಇದೇ ಶೀಟ್. ಬೆಂಕಿ ಹಾಕಿದ ಮೂರನೆಯ ಪಟ್ಟಿಯೂ ಬೇಕು, ಅದಕ್ಕೆ ಅನುಮತಿ ಬೇಕಲ್ಲ.